ಡೇಟ್ ದಾಟಿದ್ರ ಸಲೈನ್ ಹಚ್ಚಲೇಬೇಕೇನು? ಹೆರಿಗಿ ಎಲ್ಲಿ, ಹೆಂಗ ಅನ್ನೂದರ ಮ್ಯಾಲ ವಿವರ ಬೇಕಾಗೇತಿ

ಹೊಳಿದಂಡಿ_ಬೀಳಗಿ

ನಮಸ್ಕಾರ ಎಲ್ಲಾರಿಗೂ. ಚೊಚ್ಚಲ ಬಸಿರು, ವಯಸ್ಸು 24, ಈಗ 38 ವಾರ. ಬಿಪಿ, ಸಕ್ಕರಿ ಸರಿ ಅದಾವ. ಹಿಮೋಗ್ಲೋಬಿನ್ 10.4. ಕೂಸಿನ ತಲಿ ಕೆಳಗೈತಿ. ತವರುಮನಿ ಬೀಳಗಿ ತಾಲೂಕಿನ ಹೊಳಿದಂಡಿ ಹಳ್ಳಿ. ತೋರಿಸೂ ದವಾಖಾನ್ಯಾಗ ಹೇಳಿದ್ದು: "ಡೇಟಿನ ದಿನ ಬ್ಯಾನಿ ಬರಲಿಲ್ಲಂದ್ರ ಅಡ್ಮಿಟ್ ಆಗ್ರಿ, ಸಲೈನ್ ಹಚ್ಚೂಣು, ಆಗಲಿಲ್ಲಂದ್ರ ಸೀಜರ್." ಕಡೀ ಸ್ಕ್ಯಾನಿನ್ಯಾಗ ಕೂಸಿನ ಕೊಳ್ಳಿಗೆ ಕರುಳು (ಹೊಕ್ಕಳ ಬಳ್ಳಿ) ಒಂದು ಸುತ್ತು ಅಂತನೂ ಬರದಾರ. ಮನಿಯಾಗಿನ ಹಿರ್ಯಾರು ಇದನ್ನೆಲ್ಲಾ ಕೇಳಿ "ದವಾಖಾನಿ ಬ್ಯಾಡ, ಊರಾಗ ಸೂಲಗಿತ್ತಿ ಅದಾಳ" ಅಂತ ಕುಂತಾರ.

ಯಾವುದು ಖರೇ ಬೇಕು, ಯಾವುದು ಬರೇ ರೂಢಿ, ಯಾವುದಕ್ಕ ಬ್ಯಾಡ ಅನ್ನಬಹುದು? ಧೈರ್ಯದ ಮಾತು ಬ್ಯಾಡ್ರಿ, ತಿಳದವರು ವಿವರ ಹೇಳ್ರಿ.

ಡಾಕ್ಟರ್_ಗುಮ್ಮಟನಗರಿ

ಮೊದಲು ಆ "ಡೇಟ್" ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಕಡೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ. ಮುಟ್ಟು ತಿಂಗಳಿಗೆ ಸರಿಯಾಗಿ ಬರುತ್ತಿದ್ದವರಿಗೆ ಈ ಲೆಕ್ಕ ನಡೆಯುತ್ತದೆ. 40 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಹನ್ನೆರಡು ದಿನದಷ್ಟು ತಪ್ಪುತ್ತದೆ. ಅದಕ್ಕೇ 11ರಿಂದ 13ನೇ ವಾರದೊಳಗೆ ಮಾಡಿಸಿದ ಮೊದಲ ಸ್ಕ್ಯಾನ್ ತೆಗೆದು ನೋಡಿ. ಅದರಲ್ಲಿ ಕೂಸಿನ ಉದ್ದ ಅಳೆದು ಹಾಕಿದ ತಾರೀಖು ಹೆಚ್ಚೆಂದರೆ ವಾರದಷ್ಟು ಆಚೀಚೆ. 36ನೇ ವಾರದ ಸ್ಕ್ಯಾನ್ ಹಾಳೆಯಲ್ಲೂ ಒಂದು ಹೊಸ ತಾರೀಖು ಅಚ್ಚಾಗಿ ಬರುತ್ತದೆ. ಅದು ಮೂರು ವಾರ ಆಚೀಚೆ ಆಗಬಹುದು, ಅದನ್ನು ಹಿಡಿದು ಓಡಬೇಡಿ. ಒಂದೇ ಫೈಲಿನಲ್ಲಿ ಮೂರು ತಾರೀಖು ಇದ್ದರೆ ಮೊದಲ ಸ್ಕ್ಯಾನಿನದೇ ಗಟ್ಟಿ.

ಇನ್ನು, 40 ವಾರ ಅನ್ನುವುದು ಗಡುವಲ್ಲ. ಸರಿಯಾಗಿ ಅದೇ ದಿನ ಹುಟ್ಟುವ ಕೂಸು ಇಪ್ಪತ್ತರಲ್ಲಿ ಒಂದು. ಬೇರೆ ತೊಂದರೆ ಇಲ್ಲದ ಬಸಿರಿನಲ್ಲಿ ನೋವು ಬರಿಸಿ ಹೆರಿಗೆ ಮಾಡಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 41 ವಾರ ತುಂಬಿದ ಮೇಲೆ. ಅದರಾಚೆ ಕಾಯುತ್ತಾ ಹೋದಂತೆ ಮಾಸಿನ ಕೆಲಸ ತಗ್ಗುತ್ತದೆ, ಕೂಸು ಹೊಟ್ಟೆಯಲ್ಲೇ ಹೋಗುವ ಸಂಭವ ಏರುತ್ತದೆ. ಆದ್ದರಿಂದ "ಬಂದಾಗ ಬರಲಿ" ಅಂತ 42 ದಾಟಿಸುವುದೂ ತಪ್ಪು.

ಆಶಾ_ಅಕ್ಕ

ಡಾಕ್ಟರ್ ಮೇಡಂ ಹೇಳಿದ ತಾರೀಖಿನ ಮಾತಿಗೆ ಒಂದು ಸೇರಸ್ತೀನಿ. ನಮ್ಮ ಕಡೆ ಬಸರಿ ಹೆಣ್ಮಕ್ಕಳಿಗೆ ಕಡೀ ಮುಟ್ಟಿನ ತಾರೀಖು ಕೇಳಿದ್ರ "ಕಾರಹುಣ್ಣಿವಿ ಆಗಿ ನಾಕ ದಿನಕ್ಕ" ಇಲ್ಲಾ "ಎಳ್ಳಮಾಸಿ ಹಿಂದಿನ ವಾರ" ಅಂತಾರ. ಇದು ಚಲೋ ಗುರುತ. ಕ್ಯಾಲೆಂಡರ್ ಎದುರಿಗಿಟ್ಟು ಹುಣ್ಣಿವಿ-ಅಮಾಸಿ ತಾರೀಖು ನೋಡಿ ಬರೀಬೇಕು. ಗೋಳು ಎಲ್ಲಿ ಅಂದ್ರ, ಅಂದಾಜಿನ ಮ್ಯಾಲ ತಾಯಿ ಕಾರ್ಡಿನ್ಯಾಗ ತಿಂಗಳ 1ನೇ ತಾರೀಖು, ಇಲ್ಲಾ 15 ಅಂತ ಹಾಕಿಬಿಡ್ತಾರ. ಕಾರ್ಡಿನ್ಯಾಗ ಹಂಗ ದುಂಡನೆ ತಾರೀಖು ಕಂಡ್ರ ಇನ್ನೊಮ್ಮೆ ಕೇಳಿ ತಾಳೆ ನೋಡ್ರಿ.

ಸಹಜ_ಹೆರಿಗೆ_ಬೆಳಗಾವಿ

ಇಲ್ಲಿ ಮೂಲ ಪ್ರಶ್ನೆ ಬೇರೆ ಇದೆ. ಹೆರಿಗೆ ರೋಗವಲ್ಲ. ಒಂದು ಸಲೈನ್ ಹಚ್ಚಿದರೆ ಮಲಗಿಸುತ್ತಾರೆ, ಮಲಗಿಸಿದರೆ ನೋವು ಸಹಿಸಲಾಗದು, ಕೂಸಿನ ಎದೆಬಡಿತ ಇಳಿಯಿತು ಅಂತಾರೆ, ಕಡೆಗೆ ಸಿಜೇರಿಯನ್. ಒಂದರ ಹಿಂದೆ ಇನ್ನೊಂದು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟರು. ಸಾವಿರಾರು ಹೆರಿಗೆ ಮಾಡಿಸಿದ ಕೈ ಅದು. ಆ ಜ್ಞಾನಕ್ಕೆ ಬೆಲೆಯೇ ಇಲ್ಲವೇ?

ಲೇಬರ್_ರೂಮ್_ಸಿಸ್ಟರ್

ಬೆಲಿ ಐತ್ರಿ. ಆದ್ರ ಎಲ್ಲಾನೂ ಒಂದ ಗಂಟು ಕಟ್ಟಬ್ಯಾಡ್ರಿ. ಸಲೈನ್ ಅಂದ್ರ ಏನು ಅನ್ನೂದನ್ನ ಮೊದಲ ಬಿಡಿಸಿ ಹೇಳ್ತೀನಿ, ಮಂದಿ ಎರಡು ಬ್ಯಾರೆ ಬ್ಯಾರೆ ಬಾಟ್ಲಿಗೆ ಒಂದ ಹೆಸರು ಇಟ್ಕೊಂಡಾರ.

ಬರೇ ಆರ್‌ಎಲ್ ಬಾಟ್ಲಿ ಅಂದ್ರ ಉಪ್ಪುನೀರು. ಅದರಿಂದ ಬ್ಯಾನಿ ಬರೂದಿಲ್ಲ. ಅದರಾಗ ಬ್ಯಾನಿ ಬರಸೂ ಔಷಧ ಆಕ್ಸಿಟೋಸಿನ್ ಹಾಕಿದ್ರ ಅದು ಬ್ಯಾನಿ ಸಲೈನ್. ಲೆಕ್ಕ ಹಿಂಗೈತಿ: 500 ಎಂಎಲ್ ಬಾಟ್ಲಿಗೆ 5 ಯೂನಿಟ್ ಹಾಕಿದ್ರ ಒಂದು ಎಂಎಲ್‌ನಾಗ 10 ಮಿಲಿಯೂನಿಟ್. 20 ಹನಿಗೆ ಒಂದು ಎಂಎಲ್ ಆಗೂ ಸೆಟ್ ಇದ್ರ ಒಂದು ಹನಿ ಅಂದ್ರ ಅರ್ಧ ಮಿಲಿಯೂನಿಟ್. ನಿಮಿಷಕ್ಕ 4 ಹನಿಯಿಂದ ಚಾಲೂ, ಅಂದ್ರ 2 ಮಿಲಿಯೂನಿಟ್. ಅರ್ಧ ತಾಸಿಗೊಮ್ಮೆ 4 ಹನಿ ಏರಸೂದು. 10 ನಿಮಿಷದಾಗ 3-4 ಬ್ಯಾನಿ, ಒಂದೊಂದು 40 ಸೆಕೆಂಡ್ ಮ್ಯಾಲ ಬಂದ್ವು ಅಂದ್ರ ಅಲ್ಲೇ ನಿಲ್ಲಸೂದು, ಮತ್ತ ಏರಸಂಗಿಲ್ಲ. ಸೆಟ್ ಬದಲಾದ್ರ ಲೆಕ್ಕಾನೂ ಬದಲಾಗ್ತೈತಿ. 15 ಹನಿ ಸೆಟ್ಟಿನ್ಯಾಗ ಅದ ಹನಿಗೆ ಔಷಧ ಹೆಚ್ಚು ಹೋಗ್ತೈತಿ. ಇನ್‌ಫ್ಯೂಶನ್ ಪಂಪ್ ಇದ್ದಲ್ಲಿ ಈ ತಲಿಬ್ಯಾನಿ ಇಲ್ಲ. ಇಲ್ಲದಲ್ಲಿ ಗಡಿಯಾರ ನೋಡಿ ಹನಿ ಎಣಿಸಬೇಕು. ಬಾತ್‌ರೂಮಿಗೆ ಹೋಗಿ ಬಂದಾಗ, ಮಗ್ಗಲ ಬದಲಿಸಿದಾಗ ಹನಿ ತಾನ ಏರ್ತೈತಿ, ಇಳೀತೈತಿ. ಹಚ್ಚಿ ಹೋಗಿ ತಾಸಿಗೊಮ್ಮೆ ಬಂದು ನೋಡಿದ್ರ ಆಗೂ ಕೆಲಸ ಅಲ್ಲ ಇದು.

ಕೆಡೂದು ಹೆಂಗ? 10 ನಿಮಿಷದಾಗ 5ಕ್ಕಿಂತ ಹೆಚ್ಚು ಬ್ಯಾನಿ ಬಂದ್ರ ಗರ್ಭಚೀಲಕ್ಕ ಸಡಿಲ ಆಗಾಕ ಪುರಸೊತ್ತ ಸಿಗೂದಿಲ್ಲ. ಕೂಸಿಗೆ ರಕ್ತ ಹೋಗೂದು ಆ ಸಡಿಲಿನ್ಯಾಗ. ಅದಕ್ಕ ಎದಿಬಡಿತ ಇಳೀತೈತಿ. ಆಗ ಮೊದಲ ಹನಿ ಬಂದ್ ಮಾಡಬೇಕು, ಎಡಮಗ್ಗಲ ಮಲಗಿಸಬೇಕು. ನರದಾಗ ಹೋದ ಆಕ್ಸಿಟೋಸಿನ್ ಕೆಲವು ನಿಮಿಷಕ್ಕ ಅರ್ಧ ಇಳೀತೈತಿ, ಅದಕ್ಕ ಬಂದ್ ಮಾಡಿದ್ರ ಕೈಗೆ ಸಿಗ್ತೈತಿ.

ಇದ ಕಾರಣಕ್ಕ ಕೂಸು ಹುಟ್ಟೂಕಿಂತ ಮೊದಲ ಆಕ್ಸಿಟೋಸಿನ್ನು ಚಪ್ಪಿಗೆ, ತೋಳಿಗೆ ಸೂಜಿ ಮಾಡೂದು ಮಹಾ ತಪ್ಪು. ಹಳ್ಳ್ಯಾಗ "ಬ್ಯಾನಿ ಸೂಜಿ" ಅಂತ ಈಗೂ ಯಾರರ ಮಾಡಾಕ ಬಂದ್ರ ಬಾಗಲದಾಗ ನಿಲ್ಲಿಸ್ರಿ. ಖಂಡದಾಗ ಹೋದ ಔಷಧ ವಾಪಸ್ ತಗಿಯಾಕ ಬರೂದಿಲ್ಲ. ಗರ್ಭಚೀಲ ಹರಿದು ತಾಯಿ-ಕೂಸು ಇಬ್ಬರೂ ಹೋಗೂ ಹಾದಿ ಅದು.

ಡಾಕ್ಟರ್_ಗುಮ್ಮಟನಗರಿ

ಸಿಸ್ಟರ್ ಹೇಳಿದ್ದಕ್ಕೆ ಹಿಂದಿನ ಮೆಟ್ಟಿಲು ಒಂದಿದೆ. ಗರ್ಭಚೀಲದ ಬಾಯಿ ಹಣ್ಣಾಗಿದೆಯೋ ಇಲ್ಲವೋ ನೋಡದೆ ಬ್ಯಾನಿ ಸಲೈನ್ ಹಚ್ಚಿದರೆ ಅದು ಇಡೀ ದಿನ ಹನಿದರೂ ಬಾಯಿ ತೆರೆಯುವುದಿಲ್ಲ. ಸಂಜೆಗೆ "ಇಂಡಕ್ಷನ್ (ನೋವು ಬರಿಸುವುದು) ಫೇಲ್" ಅಂತ ಬರೆದು ಥಿಯೇಟರಿಗೆ. ಬೇಡಾಗಿದ್ದ ಎಷ್ಟೋ ಸಿಜೇರಿಯನ್ ಹುಟ್ಟುವುದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮೆತ್ತಗಿದೆಯೋ ಗಟ್ಟಿಯೋ, ಹಿಂದಿದೆಯೋ ಮುಂದಿದೆಯೋ, ಕೂಸಿನ ತಲೆ ಎಷ್ಟು ಇಳಿದಿದೆ ಎಂಬ ಐದಕ್ಕೂ ಅಂಕ ಕೊಟ್ಟು ಕೂಡಿಸುವುದು ಬಿಶಪ್ ಸ್ಕೋರ್. ಒಟ್ಟು 13. ಎಂಟು ಅಥವಾ ಮೇಲಿದ್ದರೆ ಸಲೈನ್ ಹಿಡಿಯುತ್ತದೆ. ಆರು ಅಥವಾ ಕೆಳಗಿದ್ದರೆ ಮೊದಲು ಬಾಯಿ ಹಣ್ಣು ಮಾಡಬೇಕು. ಅದಕ್ಕೆ ಮೂರು ದಾರಿ. ಒಂದು, ಡೈನೋಪ್ರೋಸ್ಟೋನ್ ಜೆಲ್, 0.5 ಮಿಲಿಗ್ರಾಂ, ಆರು ತಾಸಿನ ಮೇಲೆ ಮತ್ತೊಂದು, 24 ತಾಸಿನಲ್ಲಿ ಮೂರಕ್ಕೆ ಮಿತಿ. ಎರಡು, ಮಿಸೊಪ್ರೊಸ್ಟಾಲ್ 25 ಮೈಕ್ರೋಗ್ರಾಂ, ನುಂಗುವುದಾದರೆ ಎರಡು ತಾಸಿಗೊಮ್ಮೆ. 200ರ ಗುಳಿಗೆಯನ್ನು ಬ್ಲೇಡಿನಲ್ಲಿ ಎಂಟು ಚೂರು ಮಾಡುವ ರೂಢಿ ಇದೆ, ಅದು ಸರಿಯಲ್ಲ. ಚೂರು ಒಂದೇ ಸಮ ಬರುವುದಿಲ್ಲ, ಒಂದರಲ್ಲಿ ದುಪ್ಪಟ್ಟು ಹೋಗುತ್ತದೆ. 25ರದೇ ಗುಳಿಗೆ ಸಿಗುತ್ತದೆ. ಮೂರು, ಫೋಲಿ ಕ್ಯಾಥೆಟರ್ (ತುದಿಗೆ ಬಲೂನಿರುವ ತೆಳು ನಳಿಕೆ) ಒಳಗೆ ಇಟ್ಟು ಬಲೂನಿಗೆ 30 ಎಂಎಲ್ ನೀರು ತುಂಬುವುದು. ಔಷಧವೇ ಇಲ್ಲದ ದಾರಿ, ಅಗ್ಗದ್ದು, ಕೂಸಿನ ಮೇಲೆ ಒತ್ತಡ ಕಡಿಮೆ.

ಆದ್ದರಿಂದ ಕೇಳುವ ಪ್ರಶ್ನೆ ಇದು: "ಬಿಶಪ್ ಸ್ಕೋರ್ ಎಷ್ಟು ಬಂತ್ರಿ? ಮೊದಲು ಏನು ಕೊಡ್ತೀರಿ?" ಉತ್ತರ ಸಿಕ್ಕರೆ ಅಲ್ಲಿ ಕೆಲಸ ಗೊತ್ತಿದ್ದವರು ಇದ್ದಾರೆ.

ಬೆಳಗಾವಿಯವರಿಗೆ ಒಂದು ಮಾತು. ನೋವು ಬರಿಸಿದರೆ ಸಿಜೇರಿಯನ್ ಹೆಚ್ಚೇ ಆಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಅಮೆರಿಕದ 41 ಆಸ್ಪತ್ರೆಗಳಲ್ಲಿ ಆರು ಸಾವಿರ ಚೊಚ್ಚಲು ಗರ್ಭಿಣಿಯರ ಮೇಲೆ ನಡೆದ ಅರೈವ್ ಅಧ್ಯಯನ 2018ರಲ್ಲಿ ಬಂತು. 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಸಿಜೇರಿಯನ್ 18.6%, ಕಾದವರಲ್ಲಿ 22.2%. ಅಲ್ಲಿ ಬಾಯಿ ಹಣ್ಣು ಮಾಡಿದರು, ತಾಳ್ಮೆಯಿಂದ ಕಾದರು. ಬೆಳಿಗ್ಗೆ ಹಚ್ಚಿ ಸಂಜೆ ಮುಗಿಸುವ ವಾರ್ಡಿಗೆ ಆ ಅಂಕಿ ತಂದು ಹಚ್ಚಲಾಗದು, ಅದೂ ನಿಜ.

ಸಹಜ_ಹೆರಿಗೆ_ಬೆಳಗಾವಿ

ಒಪ್ಪಿದೆ ಮೇಡಂ. ಆದರೆ ತಾಳ್ಮೆಯೇ ಇಲ್ಲದ ಕಡೆ ಹೋಗುವುದಕ್ಕಿಂತ ಮನೆ ಲೇಸಲ್ಲವೇ? ಇಂಗ್ಲೆಂಡಿನಲ್ಲಿ ಮನೆ ಹೆರಿಗೆಗೆ ಸರ್ಕಾರವೇ ದಾಯಿಯನ್ನು ಕಳಿಸುತ್ತದೆ.

ಡಾಕ್ಟರ್_ಗುಮ್ಮಟನಗರಿ

ಅದೇ ಇಂಗ್ಲೆಂಡಿನ ಲೆಕ್ಕ ಕೇಳಿ. 2011ರಲ್ಲಿ 64 ಸಾವಿರ ಚಿಲ್ಲರೆ ಹೆರಿಗೆಗಳನ್ನು ನೋಡಿ ಬರೆದ ಬರ್ತ್‌ಪ್ಲೇಸ್ ಅಧ್ಯಯನ. ತೊಂದರೆ ಇಲ್ಲದ, ಎರಡನೆಯ ಅಥವಾ ಮೂರನೆಯ ಹೆರಿಗೆಗೆ ಮನೆಗೂ ಆಸ್ಪತ್ರೆಗೂ ಕೂಸಿನ ಮಟ್ಟಿಗೆ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಿನಲ್ಲಿ ಮಾತ್ರ ಕೂಸಿಗೆ ದೊಡ್ಡ ಅಪಾಯ ಆದದ್ದು ಮನೆಯಲ್ಲಿ ಸಾವಿರಕ್ಕೆ 9.3, ಆಸ್ಪತ್ರೆಯಲ್ಲಿ 5.3. ಮನೆಯಲ್ಲಿ ಶುರು ಮಾಡಿದ ಚೊಚ್ಚಲು ಹೆರಿಗೆಗಳಲ್ಲಿ ನೂರಕ್ಕೆ 45 ಮಂದಿಯನ್ನು ನಡುವೆಯೇ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿ ವರ್ಷಗಟ್ಟಲೆ ಓದಿದ ದಾಯಿ, ಚೀಲದಲ್ಲಿ ಆಕ್ಸಿಟೋಸಿನ್, ಕರೆದರೆ ಬರುವ ಆಂಬುಲೆನ್ಸ್ ಇದ್ದೂ ಈ ಅಂಕಿ. ಇಲ್ಲಿ ಕೇಳಿರುವುದು ಚೊಚ್ಚಲು, ಹೊಳೆದಂಡೆ ಹಳ್ಳಿ.

ಕುಂದಾನಗರಿ_ಸಂಶೋಧಕ

ಮನೆ ಹೆರಿಗೆಯ ರಕ್ತಸ್ರಾವದ ಮಾತು ಬಂದರೆ ಬೆಳಗಾವಿ ಜಿಲ್ಲೆಯ ಹೆಸರು ಬರಲೇಬೇಕು. ಇಲ್ಲಿನ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದವರ ಜೊತೆ ನಡೆಸಿದ ಪ್ರಯೋಗ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಳ್ಳಿಗಳಲ್ಲಿ ಎಎನ್‌ಎಂಗಳು (ಸರ್ಕಾರಿ ದಾದಿಯರು) ಮಾಡಿಸಿದ 1620 ಹೆರಿಗೆ. ಅರ್ಧ ಜನಕ್ಕೆ ಕೂಸು ಹುಟ್ಟಿದ ಕೂಡಲೇ ಗರ್ಭಚೀಲ ಬಿಗಿಯಾಗಿಸಲು ಅದೇ ಮಿಸೊಪ್ರೊಸ್ಟಾಲ್ 600 ಮೈಕ್ರೋಗ್ರಾಂ ಬಾಯಿಗೆ, ಅರ್ಧ ಜನಕ್ಕೆ ಔಷಧವಿಲ್ಲದ ಗುಳಿಗೆ. ಅರ್ಧ ಲೀಟರ್ ಮೇಲೆ ರಕ್ತ ಹೋದವರು 12%ರಿಂದ 6.4%ಕ್ಕೆ ಇಳಿದರು, ಒಂದು ಲೀಟರ್ ಮೇಲೆ ಹೋದವರು 1.2%ರಿಂದ 0.2%ಕ್ಕೆ.

ರಕ್ತ ಎಷ್ಟು ಹೋಯಿತು ಅಂತ ಕಣ್ಣಂದಾಜಿನಲ್ಲಿ ಹೇಳಿದರೆ ಯಾವಾಗಲೂ ಕಡಿಮೆಯೇ ಹೇಳುತ್ತಾರೆ. ಅದಕ್ಕೆ ಆ ಪ್ರಯೋಗಕ್ಕಾಗಿ ಅಳತೆಗೆರೆ ಇರುವ ಪ್ಲಾಸ್ಟಿಕ್ ಚೀಲವೊಂದನ್ನು ಮಾಡಿದರು. ತಾಯಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟಿದರೆ ರಕ್ತ ಇಳಿಜಾರಿನಲ್ಲಿ ಹರಿದು ಕೊಳವೆಯಾಕಾರದ ತುದಿಯಲ್ಲಿ ನಿಲ್ಲುತ್ತದೆ, ಗೆರೆ ನೋಡಿ ಓದಬಹುದು. 2023ರಲ್ಲಿ ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಇಂಥ ಅಳತೆ ಚೀಲ ಹಾಸಿ, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೆ ಶುರು ಮಾಡಿದಾಗ ಗಂಭೀರ ರಕ್ತಸ್ರಾವ ಮತ್ತು ಅದರ ಪರಿಣಾಮಗಳು 60% ಇಳಿದವು.

ಆದರೆ ಇದನ್ನು ಓದಿ "ಗುಳಿಗೆ ಇದ್ದರೆ ಮನೆ ಸಾಕು" ಅನ್ನಬೇಡಿ. ಗುಳಿಗೆ ನುಂಗಿದವರಲ್ಲೂ 6.4% ಮಂದಿಗೆ ಅರ್ಧ ಲೀಟರ್ ದಾಟಿತ್ತು.

ಲೇಬರ್_ರೂಮ್_ಸಿಸ್ಟರ್

ಅದಕ್ಕ ನಾ ಹೇಳೂದು ಹೊತ್ತಿನ ಲೆಕ್ಕ. ದಿನ ತುಂಬಿದ ಗರ್ಭಚೀಲಕ್ಕ ನಿಮಿಷಕ್ಕ 600-700 ಎಂಎಲ್ ರಕ್ತ ಹರೀತಿರ್ತೈತಿ. ಮಾಸು ಬಿದ್ದ ಮ್ಯಾಲ ಚೀಲ ಕಲ್ಲಿನಂಗ ಬಿಗಿ ಆದ್ರ ರಕ್ತನಾಳ ಮುಚ್ಚತಾವ. ಮೆತ್ತಗ ಉಳಿದ್ರ ನಳ ಬಿಟ್ಟಂಗ. ಏನೂ ಮಾಡದ ಬಿಟ್ರ ಸುಮಾರು ಎರಡು ತಾಸಿನ್ಯಾಗ ಜೀವ ಹೋಗ್ತೈತಿ. ಹಳ್ಳಿಯಿಂದ ಗಾಡಿ ಬಂದು, ಹೊತಗೊಂಡು, ಬಾಗಲಕೋಟಿ ಮುಟ್ಟಿ, ರಕ್ತ ಹೊಂದಿಸೂದರಾಗ ಆ ಎರಡು ತಾಸು ಮುಗದಿರ್ತಾವ. ಮ್ಯಾಲ ಹಿಮೋಗ್ಲೋಬಿನ್ 10.4. ಗಟ್ಟಿ ಇದ್ದಾಕಿಗೆ ಅರ್ಧ ಲೀಟರ್ ತಡೀತೈತಿ, ರಕ್ತ ಕಡಿಮಿ ಇದ್ದಾಕಿಗೆ ತಡಿಯೂದಿಲ್ಲ.

ದವಾಖಾನ್ಯಾಗ ಮಾಡೂದು ಸರಳ ಐತಿ: ಹೊಟ್ಯಾಗ ಇನ್ನೊಂದು ಕೂಸಿಲ್ಲ ಅಂತ ನೋಡ್ಕೊಂಡು, ಹುಟ್ಟಿದ ಒಂದು ನಿಮಿಷದೊಳಗ ಆಕ್ಸಿಟೋಸಿನ್ 10 ಯೂನಿಟ್ ತೊಡಿಗೆ ಸೂಜಿ. ಮಾಸಿಗೆ ಅರ್ಧ ತಾಸಿನ ಗಡುವು. ಈ ಸೂಜಿಗೆ ಯಾರೂ ಬ್ಯಾಡ ಅನಬ್ಯಾಡ್ರಿ. ಔಷಧ 2ರಿಂದ 8 ಡಿಗ್ರಿ ಫ್ರಿಜ್‌ನಾಗ ಇಟ್ಟಿದ್ದ ಇರಬೇಕು. ನಮ್ಮ ಬ್ಯಾಸಗಿಗೆ ಟ್ರೇದಾಗ ಬಿಟ್ಟ ಆಂಪೂಲ್ ಕಸುವು ಕಳಕೊಂಡು, ಹೆಸರಿಗೆ ಅಷ್ಟ ಔಷಧ ಆಗಿರ್ತೈತಿ.

ಸೂಲಗಿತ್ತಿ ಆಯಿ ಬೇಕಂದ್ರ ದವಾಖಾನಿಗೆ ಕರಕೊಂಡ ಬರ್ರಿ. ಹೆರಿಗಿ ಜೊತಿಗೆ ಒಬ್ಬಾಕಿ ಇರಾಕ 2016ರಿಂದ ಕೇಂದ್ರ ಸರಕಾರದ ಸೂಚನೆ ಐತಿ. ಹಡದ ಅನುಭವ ಇರೂ ಹೆಣ್ಮಗಳು, ಅಂಟುರೋಗ ಇರಬಾರದು, ಮಡಿ ಅರಿವಿ, ನಮ್ಮ ಕೆಲಸದಾಗ ಕೈ ಹಾಕಬಾರದು. ಬೆನ್ನ ತಿಕ್ಕೂದು, ನೀರ ಕುಡಿಸೂದು, ಅಡ್ಡಾಡಸೂದು, ಧೈರ್ಯ ಹೇಳೂದು ಆಕೀ ಕೆಲಸ. ಇದು ಬರೇ ಸಮಾಧಾನದ ಮಾತಲ್ಲ, ಹಿಂಗ ಬಿಡದ ಒಬ್ಬರು ಜೊತಿಗಿದ್ರ ಸೀಜರ್ ಕಡಿಮಿ ಆಗ್ತಾವಂತ ಅಧ್ಯಯನ ಆಗ್ಯಾವ. ಪ್ರಸೂತಿ ವಾರ್ಡಿನ್ಯಾಗ ಬಿಡೂದಿಲ್ಲ ಅಂದ್ರ ಸಿಟ್ಟ ಮಾಡಬ್ಯಾಡ್ರಿ, ಮೊದಲ ಹೋಗಿ ವಿಚಾರಿಸಿ ಬರ್ರಿ.

ಹೊಳಿದಂಡಿ_ಬೀಳಗಿ

ಮನಿ ಹೆರಿಗಿ ಮಾತು ಇಲ್ಲಿಗೆ ಮುಗೀತ್ರಿ ಅಕ್ಕಾರ, ಆಯಿನ್ನ ಕರಕೊಂಡ ಹೋಗೂ ವಿಚಾರ ಎಲ್ಲಾರಿಗೂ ಹಿಡಿಸ್ತೈತಿ. ಕೊಳ್ಳಿಗೆ ಕರುಳು ಸುತ್ತಿದ್ದಕ್ಕ ಏನು?

ಡಾಕ್ಟರ್_ಗುಮ್ಮಟನಗರಿ

ನೂರರಲ್ಲಿ ಇಪ್ಪತ್ತರಿಂದ ಮೂವತ್ತು ಕೂಸುಗಳಿಗೆ ಹುಟ್ಟುವಾಗ ಹೊಕ್ಕಳ ಬಳ್ಳಿ ಕುತ್ತಿಗೆಗೆ ಸುತ್ತಿರುತ್ತದೆ. ಕೂಸು ಮೂಗಿನಿಂದ ಉಸಿರಾಡುತ್ತಿರುವುದಿಲ್ಲ, ಬಳ್ಳಿಯೊಳಗಿನ ರಕ್ತದಿಂದ ಉಸಿರಾಡುತ್ತದೆ. ಆದ್ದರಿಂದ "ಕುತ್ತಿಗೆ ಬಿಗಿಯುತ್ತದೆ" ಅನ್ನುವ ಭಯಕ್ಕೆ ಅರ್ಥವಿಲ್ಲ. ತಲೆ ಬಂದ ಮೇಲೆ ಸಡಿಲವಿದ್ದರೆ ಬೆರಳಲ್ಲಿ ಎತ್ತಿ ತಲೆಯ ಮೇಲಿಂದ ತೆಗೆಯುತ್ತಾರೆ. ಇದೊಂದೇ ಕಾರಣಕ್ಕೆ ಸಿಜೇರಿಯನ್ ಮಾಡುವುದಿಲ್ಲ. ಹೆರಿಗೆ ವೇಳೆ ಎದೆಬಡಿತ ನೋಡಿಕೊಂಡರೆ ಸಾಕು: ಜೋರು ನೋವಿನ ಹಂತದಲ್ಲಿ ಕಾಲು ತಾಸಿನಿಂದ ಅರ್ಧ ತಾಸಿಗೊಮ್ಮೆ, ಮುಕ್ಕುವಾಗ (ಕೂಸನ್ನು ಹೊರದೂಡುವಾಗ) 5 ನಿಮಿಷಕ್ಕೊಮ್ಮೆ, ಪ್ರತಿ ಸಲ ಪೂರ್ತಿ ಒಂದು ನಿಮಿಷ ಕೇಳಬೇಕು. 110ರಿಂದ 160 ಸರಿ.

ಕೂಸಿನ ಸುತ್ತ "ನೀರು ಕಡಿಮೆ" ಅನ್ನುವುದು ಇನ್ನೊಂದು ಹೆದರಿಕೆ. ಒಂದೇ ದೊಡ್ಡ ಜಾಗದ ಆಳ ಅಳೆದು 2 ಸೆಂ.ಮೀ. ಮೇಲಿದ್ದರೆ ನಡೆಯುತ್ತದೆ. ನಾಲ್ಕು ಕಡೆ ಅಳೆದು ಕೂಡಿಸುವ ಎಎಫ್‌ಐ ಲೆಕ್ಕದಿಂದ ಬೇಡದ ಇಂಡಕ್ಷನ್ ಹೆಚ್ಚು ಆಗುತ್ತವೆ, ಕೂಸಿಗೆ ಹೆಚ್ಚಿನ ಲಾಭವಿಲ್ಲ. ವರದಿಯಲ್ಲಿ ಯಾವ ಅಳತೆ ಅಂತ ನೋಡಿ.

ಕುಂದಾನಗರಿ_ಸಂಶೋಧಕ

ಆಸ್ಪತ್ರೆ ಆರಿಸುವವರಿಗೆ ಅಂಕಿಯ ಬಗ್ಗೆ ಒಂದು ಎಚ್ಚರಿಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸಿಜೇರಿಯನ್ 21.5%. ಸರ್ಕಾರಿ ಆಸ್ಪತ್ರೆಗಳಲ್ಲಿ 14.3, ಖಾಸಗಿಯಲ್ಲಿ 47.4. ಕರ್ನಾಟಕ 31.5. ಒಟ್ಟು ಜನಸಂಖ್ಯೆಯಲ್ಲಿ 10% ದಾಟಿದ ಮೇಲೆ ತಾಯಿ-ಶಿಶು ಸಾವು ಇಳಿದದ್ದು ಕಾಣಲಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಇದು ಜನಸಂಖ್ಯೆಯ ಲೆಕ್ಕ, ಒಂದೊಂದು ಆಸ್ಪತ್ರೆಗೆ ಹಚ್ಚುವ ಅಳತೆಗೋಲಲ್ಲ.

"ನಿಮ್ಮಲ್ಲಿ ಸಿಜೇರಿಯನ್ ಎಷ್ಟು" ಅಂತ ಕೇಳಿದರೆ ಉಪಯೋಗವಿಲ್ಲ. ಸುತ್ತಲ ತಾಲೂಕುಗಳಿಂದ ಕೆಟ್ಟ ಕೇಸುಗಳೆಲ್ಲ ಬಂದು ಬೀಳುವ ದೊಡ್ಡ ಆಸ್ಪತ್ರೆಯಲ್ಲಿ ಅದು ಹೆಚ್ಚೇ ಇರುತ್ತದೆ. ರಾಬ್ಸನ್ ವಿಂಗಡಣೆ ಅಂತ ಹತ್ತು ಗುಂಪಿನ ಲೆಕ್ಕವಿದೆ. ಅದರ ಒಂದನೆಯ ಗುಂಪು ಚೊಚ್ಚಲು, ಒಂದೇ ಕೂಸು, ತಲೆ ಕೆಳಗೆ, 37 ವಾರ ದಾಟಿ ತಾನಾಗಿ ನೋವು ಬಂದವರು. ಇವರಲ್ಲಿ ಎಷ್ಟು ಸಿಜೇರಿಯನ್ ಅಂತ ಕೇಳಿ. ದಿನ ತುಂಬಿ ತಾನಾಗಿ ನೋವು ಬಂದರೆ ಬೀಳಗಿಯವರ ಕೇಸು ಒಂದನೆಯ ಗುಂಪಿನದು. ನೋವು ಬರಿಸಿದರೆ ಎರಡನೆಯದಕ್ಕೆ ಹೋಗುತ್ತದೆ.

ರೊಟ್ಟಿ_ಶೇಂಗಾಹಿಂಡಿ

ನಡಕ ಬಾಯಿ ಹಾಕ್ತೀನ್ರಿ, ಮೊದಲ ಸಲ ಸೀಜರ್ ಆದವರದು ಏನು? ಎಲ್ಲಾ ಕಡೆ "ಒಮ್ಮೆ ಸೀಜರ್ ಅಂದ್ರ ಮುಂದೂ ಸೀಜರ್" ಅಂತಾರ.

ಡಾಕ್ಟರ್_ಗುಮ್ಮಟನಗರಿ

ಆ ಮಾತು ನ್ಯೂಯಾರ್ಕಿನ ಕ್ರ್ಯಾಗಿನ್ ಎಂಬ ವೈದ್ಯರು 1916ರಲ್ಲಿ ಹೇಳಿದ್ದು. ಆಗ ಗರ್ಭಚೀಲವನ್ನು ಮೇಲಿಂದ ಕೆಳಕ್ಕೆ ಉದ್ದಕ್ಕೆ ಸೀಳುತ್ತಿದ್ದರು, ಆ ಗಾಯ ಮುಂದಿನ ನೋವಿಗೆ ಬಿಚ್ಚುತ್ತಿತ್ತು. ಈಗ ಕೆಳಭಾಗದಲ್ಲಿ ಅಡ್ಡ ಕೊಯ್ಯುತ್ತಾರೆ. ಅಂಥವರಲ್ಲಿ ಪ್ರಯತ್ನಿಸಿದ ನೂರಕ್ಕೆ 60ರಿಂದ 80 ಮಂದಿಗೆ ಸಹಜ ಹೆರಿಗೆ ಆಗುತ್ತದೆ. ಒಮ್ಮೆಯಾದರೂ ಸಹಜವಾಗಿ ಹೆತ್ತಿದ್ದರೆ 85-90. ಹೊಲಿಗೆ ಬಿಚ್ಚುವ ಸಂಭವ ಸುಮಾರು 200ಕ್ಕೆ ಒಂದು.

ನೋಡಬೇಕಾದ್ದು: ಹಳೆಯ ಡಿಸ್ಚಾರ್ಜ್ ಕಾರ್ಡಿನಲ್ಲಿ "ಎಲ್‌ಎಸ್‌ಸಿಎಸ್" (ಗರ್ಭಚೀಲದ ಕೆಳಭಾಗದ ಸಿಜೇರಿಯನ್) ಅಂತ ಇದೆಯೇ, ಕೊಯ್ತ ಮೇಲಕ್ಕೆ ಹರಿದಿತ್ತು ಅಂತ ಬರೆದಿದ್ದಾರೆಯೇ. ಹೊರಗಿನ ಚರ್ಮದ ಗೆರೆ ನೋಡಿ ಒಳಗಿನದು ತಿಳಿಯುವುದಿಲ್ಲ. ಆಪರೇಶನ್ನಿನಿಂದ ಈ ಹೆರಿಗೆಗೆ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ ಅಪಾಯ ಏರುತ್ತದೆ. ಹಿಂದಿನ ಸಲ ಯಾಕೆ ಮಾಡಿದರು ಅನ್ನುವುದೂ ಮುಖ್ಯ. ಕೂಸು ಅಡ್ಡ ಅಥವಾ ಕಾಲು ಕೆಳಗೆ ಇದ್ದದ್ದಕ್ಕೆ ಆಗಿದ್ದರೆ ಈ ಸಲ ಆ ಕಾರಣವೇ ಇರಲಿಕ್ಕಿಲ್ಲ. ಇಂಥವರಿಗೆ ಮಿಸೊಪ್ರೊಸ್ಟಾಲ್ ಕೊಡಲೇಬಾರದು. ಆಕ್ಸಿಟೋಸಿನ್ ಹಚ್ಚಿದರೆ ಬಿಚ್ಚುವ ಸಂಭವ ಎರಡು ಮೂರು ಪಟ್ಟು. ರಾತ್ರಿ ಹೊತ್ತಿನಲ್ಲೂ ಥಿಯೇಟರ್, ಅರಿವಳಿಕೆ ತಜ್ಞರು, ರಕ್ತ ಇರುವ ಕಡೆ ಮಾತ್ರ ಈ ಪ್ರಯತ್ನ, ಪಿಎಚ್‌ಸಿಯಲ್ಲಿ ಅಲ್ಲ. ಬಿಚ್ಚುವುದರ ಮೊದಲ ಸುಳಿವು ಹೆಚ್ಚಾಗಿ ಕೂಸಿನ ಎದೆಬಡಿತ ಕೆಡುವುದು. ನೋವಿನ ನಡುವಿನ ಬಿಡುವಿನಲ್ಲೂ ಹೊಲಿಗೆ ಜಾಗ ನೋಯುವುದು, ಬರುತ್ತಿದ್ದ ನೋವು ಒಮ್ಮೆಲೇ ನಿಲ್ಲುವುದು ಆಮೇಲೆ.

ಸಿಜೇರಿಯನ್ನೇ ಆಗಲಿ ಅನ್ನುವವರು ಎಷ್ಟು ಮಕ್ಕಳು ಬೇಕು ಅನ್ನುವುದನ್ನೂ ಲೆಕ್ಕ ಹಾಕಿ. ಮಾಸು ಕೆಳಗೆ ಕುಳಿತ ಬಸಿರಿನಲ್ಲಿ ಅದು ಗರ್ಭಚೀಲದ ಗೋಡೆಗೆ ಬೇರು ಬಿಡುವ ಸಂಭವ ಮೊದಲ ಸಿಜೇರಿಯನ್ ಹೊತ್ತಿಗೆ 3%, ಎರಡನೆಯದಕ್ಕೆ 11%, ಮೂರನೆಯದಕ್ಕೆ 40%. ಅಂಥದರಲ್ಲಿ ಗರ್ಭಚೀಲ ತೆಗೆಯಬೇಕಾಗಿ ಬರುತ್ತದೆ.

ಅರಿವಳಿಕೆ_ಮಾಸ್ತರ್

ಊಟದ ವಿಚಾರ ಯಾರೂ ಎತ್ತಿಲ್ಲ. ನೋವು ಶುರುವಾದ ಕೂಡಲೇ ನೀರೂ ಕೊಡದೆ ಮಲಗಿಸುವ ರೂಢಿಗೆ ಕಾರಣ 1946ರಲ್ಲಿ ಮೆಂಡೆಲ್ಸನ್ ಬರೆದ ವರದಿ: ಪೂರ್ತಿ ಎಚ್ಚರ ತಪ್ಪಿಸಿದಾಗ ಹೊಟ್ಟೆಯದು ಶ್ವಾಸಕೋಶಕ್ಕೆ ಹೋಗಿ ಆಗುವ ಅಪಾಯ. ಈಗ ಬಹುತೇಕ ಸಿಜೇರಿಯನ್ ಬೆನ್ನಿನ ಸೂಜಿಯಲ್ಲೇ. ತೊಂದರೆ ಇಲ್ಲದವರು ನೀರು, ಎಳನೀರು, ಗಂಜಿ, ಹಗುರ ಊಟ ಮಾಡಬಹುದು. ಎಣ್ಣೆ ಪದಾರ್ಥ, ಹೊಟ್ಟೆ ಬಿರಿಯ ಹೋಳಿಗೆ ಬೇಡ.

ನೋವು ಕಡಿಮೆ ಮಾಡುವ ಎಪಿಡ್ಯೂರಲ್ ಕೇಳುವುದು ಸೋಲಲ್ಲ. ಅದರಿಂದ ಸಿಜೇರಿಯನ್ ಹೆಚ್ಚುವುದಿಲ್ಲ, ಮುಕ್ಕುವ ಹಂತ ಮಾತ್ರ ಸ್ವಲ್ಪ ಉದ್ದವಾಗುತ್ತದೆ. ಆದರೆ ಹಚ್ಚಿ ಹೋಗುವ ತಜ್ಞರು ಸಾಲದು, ಹೆರಿಗೆ ಮುಗಿಯುವ ತನಕ ಕರೆದರೆ ಸಿಗುವವರು ಬೇಕು.

ಲೇಬರ್_ರೂಮ್_ಸಿಸ್ಟರ್

ಇನ್ನ ಬ್ಯಾಡ ಅನ್ನಬಹುದಾದ್ದು. ಕೂದಲ ತಗಿಯೂದು, ಎನಿಮಾ: ಬೇಕಿಲ್ಲ. ಹೆರಿಗಿ ದಾರಿ ಅಗಲ ಮಾಡಾಕ ಎಲ್ಲಾರಿಗೂ ಕತ್ತರಿ ಹಾಕೂದು: ಬೇಕಿಲ್ಲ. ಕೂಸು ತ್ರಾಸದಾಗಿದ್ರ, ಫೋರ್ಸೆಪ್ಸ್ (ತಲಿ ಹಿಡದು ಎಳಿಯೂ ಇಕ್ಕಳ) ಹಾಕೂದಿದ್ರ ಮಾತ್ರ. ಹಾಕೂದಾದ್ರ ಮರಗಟ್ಟಸೂ ಸೂಜಿ ಮಾಡಿ, ತಲಿ ಕಾಣೂ ಮುಂದ, ಮಗ್ಗಲಕ ಸುಮಾರು 60 ಡಿಗ್ರಿ ಓರೆ. ನಟ್ಟನಡುವ ನೇರ ಕೆಳಗ ಕತ್ತರಿ ಇಳಿದ್ರ ಗುದದ ಸ್ನಾಯು ಹರೀತೈತಿ, ಮುಂದ ಜೀವನಪೂರ್ತಿ ಗೋಳು. ತಲಿ ಬರೂ ಹೊತ್ತಿನ್ಯಾಗ ಬೆಚ್ಚಗಿನ ನೀರಿನ ಅರಿವಿ ಒತ್ತಿ ಹಿಡದ್ರ ದೊಡ್ಡ ಹರಿತ ಕಡಿಮಿ ಆಗ್ತಾವ.

ಹೊಟ್ಟಿ ಮ್ಯಾಲ ಮೊಣಕೈ ಊರಿ ಕೂಸು ದಬ್ಬೂದು ಖಂಡಿತ ಬ್ಯಾಡ. ಗರ್ಭಚೀಲ ಹರೀತೈತಿ, ಎಲುಬು ಮುರೀತೈತಿ. "ಒತ್ತಬ್ಯಾಡ್ರಿ" ಅಂತ ಜೋರಾಗಿ ಹೇಳ್ರಿ.

ಮಲಗೇ ಹಡೀಬೇಕಂತ ಇಲ್ಲ. ಕುಂತು, ಮಗ್ಗಲಾಗಿ, ಮೊಣಕಾಲೂರಿ ಹಡೀಬಹುದು. ನಮ್ಮ ಟೇಬಲ್ ಎತ್ತರ, ಇಕ್ಕಟ್ಟು, ಅದ ಖರೇ ಅಡಚಣಿ. ಮಗ್ಗಲಾಗೂದು ಯಾವ ಟೇಬಲ್ಲಿಗೂ ಆಗ್ತೈತಿ. ಅದನ್ನ ಕೇಳ್ರಿ. ಹುಟ್ಟಿದ ಮ್ಯಾಲ ಬಳ್ಳಿ ಒಂದರಿಂದ ಮೂರು ನಿಮಿಷ ತಡದು ಕೊಯ್ಯೂದು, ಕೂಸನ್ನ ಎದಿ ಮ್ಯಾಲ ಹಾಕೂದು, ತಾಸಿನೊಳಗ ಮೊಲಿಹಾಲು, ವಿಟಮಿನ್ ಕೆ ಒಂದು ಮಿಲಿಗ್ರಾಂ ಸೂಜಿ. ಇವಕ್ಕ ಹೂಂ ಅನ್ರಿ. ಕೂಸಿನ ಜಳಕ ಒಂದು ದಿನ ತಡೀರಿ.

ಹೊರಡೂದು ಯಾವಾಗ? ಬಾಯಿ 5 ಸೆಂ.ಮೀ. ತೆರದ ಮ್ಯಾಲ ಜೋರು ಹಂತ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳೇತಿ, ತಾಸಿಗೊಂದು ಸೆಂ.ಮೀ. ತೆರೀಲೇಬೇಕು ಅನ್ನೂ ಹಳೀ ಲೆಕ್ಕ ಕೈಬಿಟ್ಟೈತಿ. ಎರಡು ಬೆರಳ ತೆರದಾಗ ಬಂದು ಮಲಗಿದ್ರ ನಮಗೂ ಅವಸರ, ನಿಮಗೂ ಅವಸರ. ಊರು ಹತ್ತಿರ ಇದ್ದವರು ಬ್ಯಾನಿ 5 ನಿಮಿಷಕ್ಕೊಮ್ಮೆ ಆಗೂತನ ಮನ್ಯಾಗ ಅಡ್ಡಾಡಬಹುದು. ಬೀಳಗಿಯವರು ಅಷ್ಟು ಕಾಯಬ್ಯಾಡ್ರಿ, 10 ನಿಮಿಷಕ್ಕೊಮ್ಮೆ ಒಂದ ಸಮ ಬರಾಕತ್ತಿದ್ರ ಹೊರಡ್ರಿ. ನೀರು ಹೋದ್ರ, ರಕ್ತ ಕಂಡ್ರ, ತಲಿ ಸಿಡಿತ-ಕಣ್ಣ ಮಂಜು ಆದ್ರ, ಕೂಸು ಮಿಸುಕೂದು ಕಡಿಮಿ ಆದ್ರ ಬ್ಯಾನಿ ಇರಲಿ ಬಿಡಲಿ ಆವಾಗ.

ಆಶಾ_ಅಕ್ಕ

ಗಾಡಿ ವಿಚಾರ. 108ಕ್ಕ ಫೋನ್ ಮಾಡಿದ ಮ್ಯಾಲ ಊರಿನ ಗುರುತ ಸರಿಯಾಗಿ ಹೇಳ್ರಿ, ಬದಿಯಾಗ ಒಂದು ಖಾಸಗಿ ಗಾಡಿಯವನ ನಂಬರೂ ಇರಲಿ. ಕಬ್ಬಿನ ಹಂಗಾಮಿನ್ಯಾಗ ರಾತ್ರಿ ಟ್ರ್ಯಾಕ್ಟರ್ ಜೋಡಿ ಟ್ರೇಲರ್ ಕಟಗೊಂಡು ಫ್ಯಾಕ್ಟರಿ ದಾರಿ ಹಿಡೀತಾವ, ಹಿಂದ ಸಿಕ್ಕ ಗಾಡಿಗೆ ಹಾದಿ ಸಿಗೂದಿಲ್ಲ. ಮಳಿಗಾಲದಾಗ ಹೊಳಿ ಏರಿ ಸೇತುವಿ ಮುಳುಗೂ ಊರಿನವರು ಡೇಟಿಗೆ ವಾರ ಮೊದಲ ಈಚೆ ದಂಡಿಗೆ ಬಂದಿರೂದು ಚಲೋ. ಕಬ್ಬ ಕಡಿಯಾಕ ಬ್ಯಾರೆ ಜಿಲ್ಲಾಕ್ಕ ಹೋದ ಹೆಣ್ಮಕ್ಕಳು ತಾಯಿ ಕಾರ್ಡ್ ಗುಡಿಸಲದಾಗ ಬಿಟ್ಟು ಬರಬ್ಯಾಡ್ರಿ, ಅದು ಯಾವ ಜಿಲ್ಲಾದಾಗೂ ನಡೀತೈತಿ.

ಸರಕಾರಿ ದವಾಖಾನ್ಯಾಗ ಔಷಧ, ರಕ್ತ, ಸೀಜರ್, ಊಟ, ಮನಿಗೆ ಬಿಡೂ ಗಾಡಿ ಎಲ್ಲಾ ಬಿಟ್ಟಿ. ಜನನಿ ಶಿಶು ಸುರಕ್ಷಾ ಅಂತ 2011ರಿಂದ ಐತಿ. ಆದ್ರ ತಾಲೂಕು ದವಾಖಾನಿ ಅಂದ್ರ ರಾತ್ರಿನೂ ಸೀಜರ್ ಆಗ್ತೈತಿ ಅಂತ ತಿಳಕೊಬ್ಯಾಡ್ರಿ. "ಐತವಾರ ರಾತ್ರಿ ಎರಡಕ್ಕ ಬಂದ್ರ ಅರಿವಳಿಕಿ ಡಾಕ್ಟರ್ ಇರ್ತಾರೇನ್ರಿ, ರಕ್ತ ಐತೇನ್ರಿ" ಅಂತ ನೇರ ಕೇಳ್ರಿ. ಇಲ್ಲಂದ್ರ ಎಲ್ಲಿಗೆ ಕಳಸ್ತಾರ ಅನ್ನೂದೂ ಕೇಳ್ರಿ. ಮೊದಲ ಅಲ್ಲಿಗೇ ಹೋಗೂದು ಬರೋಬ್ಬರಿ ಆಗಬಹುದು.

ಹೊಳಿದಂಡಿ_ಬೀಳಗಿ

ಬಾಳ ಉಪಕಾರ ಆತ್ರಿ. ಮೊದಲ ಸ್ಕ್ಯಾನ್ ತಗದು ನೋಡಿದ್ವಿ, ಅದರ ಪ್ರಕಾರ ಡೇಟ್ ಒಂಬತ್ತು ದಿನ ಮುಂದ ಹೋಗ್ತೈತಿ. ಹಂಗಿದ್ರ ಈಗ 38 ಅಲ್ಲ, 37ಕ್ಕಿಂತ ಎರಡು ದಿನ ಕಮ್ಮಿ. 40 ದಾಟಿದ ಮ್ಯಾಲ 41ರ ತನಕ ಮನ್ಯಾಗ ಸುಮ್ಮನ ಕುಂಡ್ರೂದೇನು? ಹಿರ್ಯಾರು ಚಲೋ ಮುಹೂರ್ತ ನೋಡಿ ಮೊದಲ ಸೀಜರ್ ಮಾಡಸೂಣು ಅಂತಾನೂ ಚಾಲೂ ಮಾಡ್ಯಾರ.

ಡಾಕ್ಟರ್_ಗುಮ್ಮಟನಗರಿ

ಮುಹೂರ್ತದ ಸಿಜೇರಿಯನ್ 39 ವಾರ ತುಂಬುವ ಮೊದಲು ಬೇಡವೇ ಬೇಡ. ನೋವೇ ಬರದೆ ಬೇಗ ತೆಗೆದ ಕೂಸಿನ ಶ್ವಾಸಕೋಶದಲ್ಲಿ ನೀರು ಉಳಿದು, ಉಸಿರಾಟದ ತೊಂದರೆಗೆ ಎನ್‌ಐಸಿಯು (ಎಳೆಕೂಸುಗಳ ತೀವ್ರ ನಿಗಾ ಘಟಕ) ಸೇರಬೇಕಾಗಬಹುದು. ನಿಮ್ಮ ಲೆಕ್ಕದಲ್ಲಿ ಒಂಬತ್ತು ದಿನದ ವ್ಯತ್ಯಾಸ ಸಿಕ್ಕಿದೆ. 38 ಅಂದುಕೊಂಡು ಮುಂದಿನ ವಾರ ಮುಹೂರ್ತ ಇಟ್ಟಿದ್ದರೆ ನಿಜಕ್ಕೂ 38ರ ಒಳಗೇ ತೆಗೆದಂತಾಗುತ್ತಿತ್ತು. ಆ ಮೊದಲ ಸ್ಕ್ಯಾನ್ ಹಾಳೆಯನ್ನು ತೋರಿಸುವ ಡಾಕ್ಟರ ಎದುರಿಗೆ ಇಟ್ಟು ತಾಯಿ ಕಾರ್ಡಿನ ಮೊದಲ ಪುಟದಲ್ಲೇ ತಾರೀಖು ತಿದ್ದಿಸಿ, ಸಹಿ ಹಾಕಿಸಿಕೊಳ್ಳಿ. ರಾತ್ರಿ ಡ್ಯೂಟಿಯವರು ನೋಡುವುದು ಅದನ್ನೇ.

40 ದಾಟಿದ ಮೇಲೆ ಸುಮ್ಮನೆ ಕೂರುವುದಲ್ಲ. ವಾರಕ್ಕೆ ಎರಡು ಸಲ ಬಿಪಿ, ಎನ್‌ಎಸ್‌ಟಿ (ಕೂಸಿನ ಎದೆಬಡಿತದ ಪರೀಕ್ಷೆ), ನೀರಿನ ಆಳ. ದಿನಾ ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಕೂಸು ಮಿಸುಕುವುದು ಎಣಿಸಲಿ. ಎರಡು ತಾಸಿನಲ್ಲಿ ಹತ್ತು ಆಗದಿದ್ದರೆ ಅದೇ ಹೊತ್ತಿಗೆ ಆಸ್ಪತ್ರೆ. ಒಳಪರೀಕ್ಷೆ ಮಾಡುವಾಗ ಗರ್ಭಚೀಲದ ಬಾಯಿಗೆ ಅಂಟಿದ ನೀರಿನ ಚೀಲದ ಪೊರೆ ಸಡಿಲಿಸುತ್ತೀರಾ ಅಂತ ಕೇಳಿ. ಬೆರಳಲ್ಲೇ ಆಗುವ ಕೆಲಸ, ಸ್ವಲ್ಪ ನೋಯುತ್ತದೆ, ಎಷ್ಟೋ ಮಂದಿಗೆ ಇಂಡಕ್ಷನ್ ತಪ್ಪಿಸುತ್ತದೆ. ಈ ಮೂರು ವಾರ ಕಬ್ಬಿಣದ ಗುಳಿಗೆ ದಿನಕ್ಕೆ ಎರಡು, ಚಹಾ ಮತ್ತು ಕ್ಯಾಲ್ಸಿಯಂ ಗುಳಿಗೆಯಿಂದ ಎರಡು ತಾಸು ದೂರ ಇಟ್ಟು. 10.4 ಅನ್ನು 11ಕ್ಕೆ ಮುಟ್ಟಿಸಿಕೊಂಡೇ ಹೆರಿಗೆಗೆ ಹೋಗಲಿ.